ಹಾರ ತುರಾಯಿ ಸಾಕು, ವಿಮರ್ಶೆ ಬರಲಿ



ಅಂಧ ಕಲಾವಿದರ ನೃತ್ಯವೆಂದರೆ ನಮ್ಮ ಉಡುಪಿ ಜಿಲ್ಲೆಯಲ್ಲಿ ಡಿಸೆಂಬರ್ 3ರ ವಿಶ್ವ ವಿಕಲಚೇತನರ ದಿನಕ್ಕೆ ಮೀಸಲು ಎಂಬಂತಾಗಿದೆ. ಸಭಾ ಕಾರ್ಯಕ್ರಮದ ನಡುವೆ ಹದಿನೈದು ನಿಮಿಷ, ಆಮೇಲೆ ಶಾಲು, ಹಣ್ಣಿನ ಬುಟ್ಟಿ. ಮರುದಿನದ ವರದಿಯಲ್ಲಿ ಪ್ರೇಕ್ಷಕರ ಕಣ್ಣು ತೇವಗೊಂಡದ್ದು ಬರುತ್ತದೆಯೇ ಹೊರತು, ಲಯ ನಿಂತಿತೇ, ಸಂಯೋಜನೆ ಹೇಗಿತ್ತು ಎಂಬ ಒಂದು ಮಾತೂ ಇರುವುದಿಲ್ಲ. ಯಕ್ಷಗಾನದ ಹೆಸರಾಂತ ಭಾಗವತರ ಪದ್ಯದಲ್ಲೂ ಹುಳುಕು ಹುಡುಕಿ ಬೆಳಗಿನವರೆಗೆ ವಾದಿಸುವ ಊರು ನಮ್ಮದು. ಇಲ್ಲಿ ಮಾತ್ರ ಏಕೆ ಈ ಮೌನ?

ಬೆಂಗಳೂರಿನ ಶ್ರೀ ರಮಣ ಮಹರ್ಷಿ ಅಂಧರ ಅಕಾಡೆಮಿ ಆರಂಭವಾದದ್ದು 1969ರಲ್ಲಿ. ಅಲ್ಲಿ ಭರತನಾಟ್ಯ ಕಲಿತವರು ವಿದೇಶಗಳಲ್ಲೂ ಕುಣಿದು ಬಂದಿದ್ದಾರೆ. ಆ ಕಲಿಕೆ ಸುಲಭದ್ದಲ್ಲ. ಗುರು ಅರೆಮಂಡಿಯಲ್ಲಿ ನಿಂತರೆ ಶಿಷ್ಯೆ ಅವರ ಮೊಣಕಾಲು, ಸೊಂಟ, ಮಣಿಕಟ್ಟು ಮುಟ್ಟಿ ತಿಳಿಯಬೇಕು. ಒಂದೊಂದು ಮುದ್ರೆಗೂ ಬೆರಳು ಮಡಿಸಿ ತೋರಿಸಬೇಕು. ಕನ್ನಡಿ ನೋಡಿ ತಿದ್ದಿಕೊಳ್ಳುವ ದಾರಿಯೇ ಇಲ್ಲ. ಇನ್ನು ಸಮಕಾಲೀನ ನೃತ್ಯದಲ್ಲಿ ಸ್ಪರ್ಶವನ್ನೇ ನೆಚ್ಚಿದ ಪ್ರಕಾರವಿದೆ. ಅಮೆರಿಕದ ಸ್ಟೀವ್ ಪ್ಯಾಕ್ಸ್‌ಟನ್ 1972ರಲ್ಲಿ ಶುರುಮಾಡಿದ ಕಾಂಟ್ಯಾಕ್ಟ್ ಇಂಪ್ರೊವೈಸೇಶನ್‌ನಲ್ಲಿ ಇಬ್ಬರು ಮೈಭಾರ ಕೊಟ್ಟು ಪಡೆದು ಕುಣಿಯುತ್ತಾರೆ. ಮುಂದಿನ ಚಲನೆಯ ಸುಳಿವು ಸಿಗುವುದು ಜೊತೆಗಾರನ ಭುಜದ ಒತ್ತಡದಿಂದ. ಅಲ್ಲಿ ಕಣ್ಣಿದ್ದವರೇ ಹಿಂದೆ ಬಿದ್ದರೂ ಆಶ್ಚರ್ಯವಿಲ್ಲ.

ತೊಡಕಿರುವುದು ನಮ್ಮ ವೇದಿಕೆಗಳಲ್ಲಿ. ಧ್ವನಿಮುದ್ರಿತ ಸಂಗೀತವನ್ನು ಎರಡೂ ಬದಿಯ ಭಾರೀ ಸ್ಪೀಕರ್‌ಗಳಿಂದ ಒಟ್ಟಿಗೇ ಬಿಟ್ಟರೆ ರಂಗದ ನಡು ಎಲ್ಲಿ, ಅಂಚು ಎಲ್ಲಿ ಎಂದು ಕುಣಿಯುವವರಿಗೆ ಅಂದಾಜಾಗದು. ಯಕ್ಷಗಾನದಲ್ಲಿ ಹಿಮ್ಮೇಳ ವೇಷಧಾರಿಯ ಬೆನ್ನಿಗೇ ಕೂತಿರುತ್ತದೆ. ಮದ್ದಳೆಯ ಸದ್ದು ಬರುವ ಕಡೆ ಹಿಂಬದಿ, ಅಷ್ಟೇ. ಹಾಗೆಯೇ ನೃತ್ಯಕ್ಕೂ ಒಂದು ಸ್ಪೀಕರನ್ನು ರಂಗದ ಹಿಂದೆ ನಡುವಿಗಿಟ್ಟರೆ ದಿಕ್ಕು ಸಿಗುತ್ತದೆ. ಅಂಚಿನುದ್ದಕ್ಕೂ ತೆಳು ಹಗ್ಗವಿಟ್ಟು ಮೇಲೆ ಟೇಪ್ ಅಂಟಿಸಿದರೆ ಅಂಗಾಲಿಗೆ ಗಡಿ ತಿಳಿಯುತ್ತದೆ. ಅತಿಥಿಗಳ ಹೂಗುಚ್ಛಕ್ಕೇ ಇದಕ್ಕಿಂತ ಹೆಚ್ಚು ಖರ್ಚಾಗುತ್ತದೆ ಬಿಡಿ.

ಅಂಧ ಪ್ರೇಕ್ಷಕರನ್ನೂ ನೆನೆಯಬೇಕು. ಮಾತೇ ಮುಖ್ಯವಾದ ತಾಳಮದ್ದಳೆಯಲ್ಲಿ ಅವರಿಗೆ ಯಾವ ಕೊರತೆಯೂ ಇಲ್ಲ. ನೃತ್ಯದಲ್ಲಿ ಮಾತಿಲ್ಲದ ಕಾರಣ ಯಾರಾದರೂ ಕಿವಿಗೆ ವಿವರಿಸಬೇಕು. ವಾಷಿಂಗ್ಟನ್‌ನ ಅರೀನಾ ಸ್ಟೇಜ್ ರಂಗಮಂದಿರದಲ್ಲಿ ಇಂಥ ವಿವರಣೆ 1981ರಲ್ಲೇ ಶುರುವಾಗಿತ್ತು. ನಮ್ಮಲ್ಲಿ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 29ನೇ ಸೆಕ್ಷನ್, ಕಲೆ ಅವರ ಕೈಗೆಟಕುವಂತೆ ಮಾಡುವುದು ಸರಕಾರದ ಹೊಣೆ ಎನ್ನುತ್ತದೆ. ದಯೆಯ ಮಾತು ಅದರಲ್ಲಿಲ್ಲ.

ಕಾರ್ಕಳದ ಯಕ್ಷರಂಗಾಯಣ, ಮಣಿಪಾಲದ ವಿಶ್ವವಿದ್ಯಾಲಯ, ಉಡುಪಿಯ ನೃತ್ಯ ಸಂಸ್ಥೆಗಳು ಅಂಧ ಕಲಾವಿದರ ತಂಡವೊಂದನ್ನು ತಮ್ಮ ವಾರ್ಷಿಕ ಉತ್ಸವಕ್ಕೇ ಕರೆಯಲಿ. ಇಡೀ ಸಂಜೆ ಅವರದಾಗಿರಲಿ, ಸಂಭಾವನೆ ಉಳಿದ ತಂಡಗಳಿಗೆ ಕೊಡುವಷ್ಟೇ ಇರಲಿ. ನೃತ್ಯ ಸಪ್ಪೆಯಾಗಿದ್ದರೆ ನಿಮ್ಮ ಪತ್ರಿಕೆಯ ವಿಮರ್ಶಕರು ಸಪ್ಪೆ ಎಂದೇ ಬರೆಯಲಿ.

– ಓರ್ವ ಓದುಗ, ಕಾಪು