ಮೆಕ್ಕೆಜೋಳದ ನಾಡಿನ ಊಟ, ಮೈದಾ ರೊಟ್ಟಿ

ಹೋದ ತಿಂಗಳು ಮಡಕಶಿರಾದಿಂದ ಬೆಂಗಳೂರಿಗೆ ಮಗನ ಮನೆಗೆ ಹೋಗಿದ್ದೆ. "ಅಪ್ಪಾ, ಇವತ್ತು ರಾತ್ರಿ ಮೆಕ್ಸಿಕೋ ಊಟ ಮಾಡೋಣ ಬಾ" ಅಂದ. ಖುಷಿಯಿಂದಲೇ ಹೊರಟೆ. ಅದಕ್ಕೆ ಕಾರಣ ಇದೆ.

ನಮ್ಮ ಹೊಲದ ಮೆಕ್ಕೆಜೋಳಕ್ಕೆ ತವರುಮನೆ ಮೆಕ್ಸಿಕೋ. ಸುಮಾರು 9 ಸಾವಿರ ವರ್ಷದ ಹಿಂದೆ ಅಲ್ಲಿನ ರೈತರು ಒಂದು ಕಾಡುಹುಲ್ಲನ್ನು ಆಯ್ದು ಆಯ್ದು ಬಿತ್ತಿ ಈ ತೆನೆ ತಂದುಕೊಟ್ಟರು. ಮೆಣಸಿನಕಾಯಿಯೂ ಆ ಕಡೆಯದೇ, ಪೋರ್ಚುಗೀಸರ ಹಡಗು ಹತ್ತಿ ಬಂದದ್ದು. ಕಪ್ಪು ಮೆಣಸಿನ ಹಾಗೆ ಖಾರ ಅಂತ ನಾವು ಮೆಣಸಿನಕಾಯಿ ಅಂದೆವು, ತೆಲುಗಿನವರು ಮಿರಿಯಾಲು ನೆನೆದು ಮಿರಪಕಾಯ ಅಂದರು. ಇಂಥ ನಾಡಿನ ಊಟ ಅಂದರೆ ಬೀಗರ ಮನೆ ಊಟ ಅಂದುಕೊಂಡಿದ್ದೆ.

ಆದದ್ದೇ ಬೇರೆ. ಹೋಟೆಲಲ್ಲಿ ದೀಪ ಮಂಕು, ಹಾಡು ಜೋರು. ಗೋಡೆ ತುಂಬ ದೊಡ್ಡ ಟೋಪಿ, ಪಾಪಾಸುಕಳ್ಳಿ ಚಿತ್ರ. ತಟ್ಟೆಗೆ ಬಂದದ್ದು ತಣ್ಣಗಿನ ಮೈದಾ ರೊಟ್ಟಿ, ಒಳಗೆ ಸರಿಯಾಗಿ ಬೇಯದ ರಾಜ್ಮಾ, ಮೇಲೆ ಚೀಸು, ಪಕ್ಕದಲ್ಲಿ ಸಿಹಿ ಸಾಸು. ಖಾರ ಹುಡುಕಿದರೂ ಸಿಗಲಿಲ್ಲ. "ಜೋಳದ ರೊಟ್ಟಿ ಇಲ್ವೇನಪ್ಪಾ?" ಅಂತ ಕೇಳಿದೆ. "ಚಿಪ್ಸ್ ಇದೆ ಸರ್" ಅಂದ ಆ ಹುಡುಗ. ನಾವು ಮೂವರು ತಿಂದ ಬಿಲ್ಲು ಒಂದು ಕ್ವಿಂಟಾಲ್ ಮೆಕ್ಕೆಜೋಳದ ಬೆಲೆಯಷ್ಟಿತ್ತು. ಆ ಊಟದಲ್ಲಿ ಹಿಡಿ ಜೋಳವೂ ಇರಲಿಲ್ಲ.

ಉತ್ತರ ಮೆಕ್ಸಿಕೋದವರು ಗೋಧಿ ರೊಟ್ಟಿ ತಿನ್ನುತ್ತಾರೆ, ಅದು ನಿಜ. ಆದರೆ ಆ ದೇಶದ ನಿಜವಾದ ವಿದ್ಯೆ ಇರೋದು ಜೋಳದ ರೊಟ್ಟಿಯಲ್ಲಿ. ಕಾಳನ್ನು ಸುಣ್ಣದ ನೀರಲ್ಲಿ ಬೇಯಿಸಿ, ರಾತ್ರಿಯಿಡೀ ನೆನೆಯಲು ಬಿಟ್ಟು, ಸಿಪ್ಪೆ ತೊಳೆದು ರುಬ್ಬುತ್ತಾರೆ. ಆಗ ಹಿಟ್ಟು ರೊಟ್ಟಿಗೆ ಹದವಾಗುತ್ತೆ, ಜೋಳದೊಳಗೆ ಸಿಕ್ಕಿಕೊಂಡ ಜೀವಸತ್ವವೂ ಮೈಗೆ ಹತ್ತುತ್ತೆ. ಜೋಳ ಸಮುದ್ರ ದಾಟಿ ಯೂರೋಪಿಗೆ ಹೋಯ್ತು, ಸುಣ್ಣದ ಗುಟ್ಟು ಜೊತೆಗೆ ಹೋಗಲಿಲ್ಲ. ಇಟಲಿಯ ಬಡ ರೈತರು ಬರೀ ಜೋಳದ ಹಿಟ್ಟು ಬೇಯಿಸಿ ತಿಂದು ಪೆಲಾಗ್ರಾ ರೋಗಕ್ಕೆ ಬಲಿಯಾದರು. ಮೆಕ್ಸಿಕೋದ ಅಡಿಗೆ ಪದ್ಧತಿಯನ್ನು 2010ರಲ್ಲಿ ಯುನೆಸ್ಕೊ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿದೆ. ಆ ಹೋಟೆಲಿನವರಿಗೆ ಮಾತ್ರ ಟೋಪಿ ಗೊತ್ತು, ಸುಣ್ಣ ಗೊತ್ತಿಲ್ಲ.

ಹೊಸ ಊಟ ಬೇಡ ಅನ್ನುವವನು ನಾನಲ್ಲ. ಎರಡು ಭಾಷೆಯ ಉಪ್ಪು ತಿಂದವನು ಹಾಗೆ ಅನ್ನಬಾರದು. ನನ್ನ ತಕರಾರು ಇಷ್ಟೇ: ಒಂದು ನಾಡಿನ ಹೆಸರಲ್ಲಿ ದುಡ್ಡು ತಗೊಂಡ ಮೇಲೆ ಆ ನಾಡಿನ ಕಾಳನ್ನು ಬಡಿಸಬೇಕು. ಕಾಳಿಗೇನು ಬರವೇ? ದಾವಣಗೆರೆ, ಹಾವೇರಿ ಹೊಲಗಳಲ್ಲಿ ರಾಶಿ ರಾಶಿ ಬೆಳೆದದ್ದು ಲಾರಿ ಲಾರಿ ಕೋಳಿ ಮೇವಿಗೆ ಹೋಗ್ತಿದೆ. ಅದರಲ್ಲಿ ನಾಲ್ಕು ಚೀಲ ಹೋಟೆಲಿನ ಹೆಂಚಿಗೂ ಬಂದರೆ ರೈತನಿಗೂ ಮರ್ಯಾದೆ, ವ್ಯಾಪಾರಿಗೂ ಹೊಸ ಗಿರಾಕಿ.

ನಮ್ಮ ಮುದ್ದೆಗೂ ಇದೇ ಗತಿ ಬರಬಹುದು. ತೆಲುಗಲ್ಲಿ ಸಂಗಟಿ ಅನ್ನಿ, ಕನ್ನಡದಲ್ಲಿ ಮುದ್ದೆ ಅನ್ನಿ, ರಾಗಿ ಇಲ್ಲದೆ ಅದು ಎರಡೂ ಅಲ್ಲ. ನಾಳೆ ದೂರದೇಶದಲ್ಲಿ ಯಾರೋ ಮೈದಾ ಉಂಡೆಗೆ ಬಣ್ಣ ಹಚ್ಚಿ ಇದೇ ಕನ್ನಡದವರ ಊಟ ಅಂದರೆ ನಾವು ಸುಮ್ಮನಿರ್ತೀವಾ?

ಅವತ್ತು ಮನೆಗೆ ಬಂದಾಗ ರಾತ್ರಿ ಹನ್ನೊಂದು. ಸೊಸೆ "ಮಾವ, ಹೊಟ್ಟೆ ತುಂಬಿತಾ?" ಅಂತ ಕೇಳಿದಳು. ನಾನೇ ಒಲೆ ಹಚ್ಚಿ ಮುದ್ದೆಗೆ ಎಸರಿಟ್ಟೆ. ಮಗ ತಲೆ ತಗ್ಗಿಸಿಕೊಂಡು ತಟ್ಟೆ ತಂದ. ಮೂರು ತಟ್ಟೆ ತಂದಿದ್ದ.