ಹೊಟ್ಟೆ ನನ್ನದು, ತೀರ್ಪು ಊರಿನದು

ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ಬಗ್ಗೆ ನಮ್ಮ ಜನ ಎರಡು ಮಾತುಗಳನ್ನು ಸದಾ ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡಿರುತ್ತಾರೆ. ಆಪರೇಷನ್ನಿಗೆ ಮುಂಚೆ ‘ಬಾಯಿ ಕಟ್ಟಲಾರದವಳು’, ಆಪರೇಷನ್ ಆದ ಮೇಲೆ ‘ಸುಲಭದ ದಾರಿ ಹಿಡಿದವಳು’. ಮೊದಲ ಮಾತಿನ ಪ್ರಕಾರ ನಾನು ದುರ್ಬಲಳು, ಎರಡನೆಯದರ ಪ್ರಕಾರ ಮೋಸಗಾತಿ. ಎರಡೂ ಮಾತು ಆಡುವವರು ಸಾಮಾನ್ಯವಾಗಿ ಒಬ್ಬರೇ ಆಗಿರುತ್ತಾರೆ; ಎರಡನ್ನೂ ನನ್ನ ಒಳಿತಿಗಾಗಿಯೇ ಆಡಿದೆ ಎಂದು ಅವರು ನಂಬಿರುತ್ತಾರೆ. ಈ ಎರಡು ಮಾತುಗಳ ಮೇಲೂ ನನಗೆ ಜಗಳವಿದೆ. ಏಳೆಂಟು ವರ್ಷದಿಂದ ಮನಸ್ಸಿನಲ್ಲೇ ಆಡುತ್ತಿದ್ದ ಜಗಳವನ್ನು ಇಲ್ಲಿ ಬಹಿರಂಗವಾಗಿ ಆಡುತ್ತೇನೆ.

ಮೊದಲು ವಿಷಯ ಏನೆಂದು ಹೇಳಿಬಿಡುತ್ತೇನೆ. 2018ರಲ್ಲಿ ನನಗೆ 44 ವರ್ಷ. ಎತ್ತರ 5 ಅಡಿ 2 ಅಂಗುಲ, ತೂಕ 118 ಕಿಲೋ. ಸಕ್ಕರೆ ಕಾಯಿಲೆ ಜೊತೆಯಾಗಿ 9 ವರ್ಷವಾಗಿತ್ತು. ರಾತ್ರಿ ನಿದ್ದೆಯಲ್ಲಿ ಉಸಿರು ಕಟ್ಟಿ ಎದ್ದು ಕೂರುತ್ತಿದ್ದೆ. ಮಂಡ್ಯದ ಕಾಲೇಜಿನಲ್ಲಿ ಮೊದಲ ಮಹಡಿಯ ತರಗತಿಗೆ ಹತ್ತಿದರೆ ಹಾಜರಿ ಕರೆಯಲು ಐದು ನಿಮಿಷ ಬೇಕಾಗುತ್ತಿತ್ತು. ಅದಕ್ಕೂ ಮುಂಚೆ ಐದು ಸಲ ತೂಕ ಇಳಿಸಿದ್ದೆ; ಒಂದು ಸಲವಂತೂ 17 ಕಿಲೋ. ಐದು ಸಲವೂ ಇಳಿದದ್ದು ಬಡ್ಡಿ ಸಮೇತ ವಾಪಸು ಬಂದಿತ್ತು. ಆಮೇಲೆ ಬೆಂಗಳೂರಿನಲ್ಲಿ ‘ಸ್ಲೀವ್’ ಎಂದು ಕರೆಯುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡೆ. ಅದರಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ಉದ್ದಕ್ಕೆ ಕತ್ತರಿಸಿ ತೆಗೆದುಬಿಡುತ್ತಾರೆ. ಉಳಿಯುವುದು ಒಂದು ಬಾಳೆಹಣ್ಣಿನ ಆಕಾರದ ಕೊಳವೆ. ತೆಗೆದದ್ದನ್ನು ಮತ್ತೆ ಜೋಡಿಸಲು ಬರುವುದಿಲ್ಲ. ಒಂದೂವರೆ ವರ್ಷದಲ್ಲಿ ನನ್ನ ತೂಕ 76 ಕಿಲೋಗೆ ಬಂತು. ಈಗ 81 ಇದೆ. ಇನ್ಸುಲಿನ್ ನಿಂತಿದೆ, ಒಂದು ಮಾತ್ರೆ ಉಳಿದಿದೆ. ರಾತ್ರಿ ನಿದ್ದೆ ಮಾಡುತ್ತೇನೆ.

ಇನ್ನು ‘ಸುಲಭದ ದಾರಿ’ಯ ವಿಚಾರ. ಮೊದಲ ಎರಡು ವಾರ ಬರೀ ದ್ರವ: ಬೇಳೆಯ ತಿಳಿ, ಮಜ್ಜಿಗೆ, ಸೋಸಿದ ಸೂಪು. ಅದೂ ಗುಟುಕು ಗುಟುಕಾಗಿ, ಔಷಧಿಯ ಲೋಟದಲ್ಲಿ. ಆಮೇಲೆ ಕಿವುಚಿದ್ದು, ಆಮೇಲೆ ಮೆತ್ತಗೆ ಬೆಂದದ್ದು. ಮನುಷ್ಯರ ಊಟಕ್ಕೆ ಬರುವಷ್ಟರಲ್ಲಿ ಎರಡು ತಿಂಗಳು ಹತ್ತಿರವಾಗಿತ್ತು. ಹಾಗೆ ಬಂದ ಮೇಲೆ ಆಹಾರತಜ್ಞೆ ಹೇಳಿದ ಮೊದಲ ನಿಯಮ, ಪ್ರತಿ ತುತ್ತನ್ನೂ ಇಪ್ಪತ್ತು ಮೂವತ್ತು ಸಲ ಅಗಿಯಬೇಕು ಎಂಬುದು. ನಮ್ಮ ಸೀಮೆಯವರಿಗೆ ಈ ನಿಯಮದ ತೂಕ ಗೊತ್ತು. ಮುದ್ದೆಯನ್ನು ಅಗಿಯುವವರನ್ನು ನಮ್ಮಲ್ಲಿ ಹೊರಗಿನವರು ಎನ್ನುತ್ತಾರೆ. ಸಾರಿನಲ್ಲಿ ಅದ್ದಿ ನುಂಗುವುದೇ ಮುದ್ದೆಯ ಧರ್ಮ. ಹಲ್ಲು ಬಂದ ಕಾಲದಿಂದ ನುಂಗಿಕೊಂಡು ಬಂದವಳು ನಲವತ್ತನಾಲ್ಕನೇ ವಯಸ್ಸಿನಲ್ಲಿ ಉಣ್ಣುವುದನ್ನು ಒಂದನೇ ತರಗತಿಯಿಂದ ಕಲಿತೆ. ಅಗಿಯದೆ ಒಂದು ತುತ್ತು ಒಳಗೆ ಹೋದರೆ ಎದೆಯ ನಡುವೆ ಕಲ್ಲು ಕೂತಂತೆ ಆಗುತ್ತದೆ, ಬಾಯಲ್ಲಿ ನೊರೆ ನೀರು ಬರುತ್ತದೆ, ಎದ್ದು ಬಚ್ಚಲಿಗೆ ಓಡಬೇಕಾಗುತ್ತದೆ.

ಊಟದ ಜೊತೆ ನೀರು ಕುಡಿಯುವಂತಿಲ್ಲ. ಉಂಡು ಅರ್ಧ ಗಂಟೆ ಕಾಯಬೇಕು. ತಟ್ಟೆಯಲ್ಲಿ ಮೊದಲ ಹಕ್ಕು ಮೊಟ್ಟೆ, ಕಾಳು, ಮೊಸರು, ಮೀನಿಗೆ. ದಿನಕ್ಕೆ 60 ಗ್ರಾಂ ಪ್ರೋಟೀನು ಒಳಗೆ ಹೋಗಬೇಕು, ಹೊಟ್ಟೆಯೋ ಅಂಗೈಯಷ್ಟು ಅಗಲದ ಬಟ್ಟಲಿಗೇ ತುಂಬಿಬಿಡುತ್ತದೆ. ಅನ್ನ, ಮುದ್ದೆ ಏನಿದ್ದರೂ ಕೊನೆಗೆ, ಜಾಗ ಉಳಿದರೆ. ನಮ್ಮ ಮನೆಯಲ್ಲಿ ಬಸ್ಸಾರು ಮಾಡಿದ ದಿನ ನಾನು ಬಸಿದ ಕಾಳು ಸೊಪ್ಪಿನ ಪಲ್ಯವನ್ನು ಊಟವಾಗಿಯೂ ಮುದ್ದೆಯನ್ನು ನಂಚಿಕೊಳ್ಳುವುದಕ್ಕೂ ತಿನ್ನುತ್ತೇನೆ. ಜೀವ ಇರುವವರೆಗೆ ಬಿ-12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಮಾತ್ರೆಗಳು. ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ. ನಾಲ್ಕನೇ ತಿಂಗಳಲ್ಲಿ ಬಾಚಣಿಗೆ ತುಂಬ ಕೂದಲು ಉದುರಿತು. ಮತ್ತೆ ಬಂತು, ಆದರೆ ಆ ಮೂರು ತಿಂಗಳು ಕನ್ನಡಿಯ ಮುಂದೆ ಜಡೆ ಹೆಣೆದುಕೊಂಡವಳಿಗೆ ಅದು ಗೊತ್ತು. ಇದು ಸುಲಭವಾದರೆ, ಕಷ್ಟ ಎನ್ನುವುದು ಯಾವುದಕ್ಕೆ?

‘ಇಷ್ಟೆಲ್ಲ ಪಥ್ಯ ಮಾಡುವವಳು ಆಪರೇಷನ್ ಇಲ್ಲದೆಯೇ ಮಾಡಬಹುದಿತ್ತಲ್ಲ?’ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಗೆ ಉತ್ತರ ಕೊಡುವುದು ನನ್ನ ಕರ್ತವ್ಯ, ಏಕೆಂದರೆ ಮೇಲ್ನೋಟಕ್ಕೆ ಇದು ನ್ಯಾಯವಾಗಿಯೇ ಕಾಣುತ್ತದೆ. ತೂಕ ಎಂಬುದು ಮನಸ್ಸಿನ ಮಾತು ಕೇಳುವ ಆಳಲ್ಲ. ಇಳಿದ ತೂಕವನ್ನು ದೇಹ ನಷ್ಟವೆಂದೇ ಲೆಕ್ಕ ಹಾಕುತ್ತದೆ. ಹಸಿವನ್ನು ಹೆಚ್ಚಿಸಿ, ಶಕ್ತಿಯ ಖರ್ಚನ್ನು ತಗ್ಗಿಸಿ, ನಷ್ಟ ತುಂಬಿಕೊಳ್ಳಲು ಹೊರಡುತ್ತದೆ. 1999ರಲ್ಲಿ ಜಪಾನಿನ ವಿಜ್ಞಾನಿಗಳು ಹೊಟ್ಟೆಯಲ್ಲಿ ಹುಟ್ಟಿ ಮೆದುಳಿಗೆ ಹಸಿವಿನ ಸುದ್ದಿ ಮುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನನ್ನು ಕಂಡುಹಿಡಿದರು. ಅದು ಹೆಚ್ಚಾಗಿ ತಯಾರಾಗುವುದು ಜಠರದ ಮೇಲಿನ ಭಾಗದಲ್ಲಿ. ನನಗಾದ ಶಸ್ತ್ರಚಿಕಿತ್ಸೆಯಲ್ಲಿ ತೆಗೆದುಹಾಕುವುದು ಆ ಭಾಗವನ್ನೇ. ಅಂದರೆ ಚಾಕು ಕತ್ತರಿಸಿದ್ದು ಬರೀ ಚೀಲವನ್ನಲ್ಲ, ಹಗಲು ರಾತ್ರಿ ಕಿವಿಯಲ್ಲಿ ಕೂಗುತ್ತಿದ್ದ ಒಂದು ದನಿಯನ್ನು ತಗ್ಗಿಸಿತು. ಆ ದನಿ ತಗ್ಗಿದ್ದರಿಂದ ನಾನು ಪಥ್ಯ ಮಾಡಬಲ್ಲವಳಾದೆ. ಕಾಲು ಮುರಿದವನಿಗೆ ಊರುಗೋಲು ಕೊಟ್ಟ ಮೇಲೆ ‘ನಡೆಯುತ್ತಾನೆ ನೋಡು, ಮೊದಲೇ ನಡೆಯಬಹುದಿತ್ತಲ್ಲ’ ಎನ್ನುತ್ತಾರೆಯೇ?

ನನ್ನ ಅನುಭವ ಒಂದೇ ಸಾಕ್ಷಿಯಾದರೆ ಯಾರೂ ಒಪ್ಪಬೇಕಾಗಿಲ್ಲ. ಸ್ವೀಡನ್ನಿನಲ್ಲಿ 1987ರಲ್ಲಿ ಶುರುವಾದ ಒಂದು ದೊಡ್ಡ ಅಧ್ಯಯನವಿದೆ. ಎರಡು ಗುಂಪು, ಒಂದೊಂದರಲ್ಲೂ ಎರಡು ಸಾವಿರಕ್ಕೂ ಹೆಚ್ಚು ಜನ. ಒಂದು ಗುಂಪಿಗೆ ಶಸ್ತ್ರಚಿಕಿತ್ಸೆ, ಇನ್ನೊಂದಕ್ಕೆ ಎಂದಿನ ಸಲಹೆ, ಚಿಕಿತ್ಸೆ. ಸಲಹೆ ಪಡೆದವರ ಸರಾಸರಿ ತೂಕ ವರ್ಷಗಟ್ಟಲೆ ಶೇಕಡಾ 2ರ ಆಚೀಚೆಯೇ ಉಳಿಯಿತು. ಬೈಪಾಸ್ ಬಗೆಯ ಶಸ್ತ್ರಚಿಕಿತ್ಸೆ ಆದವರ ತೂಕ 10 ವರ್ಷದ ನಂತರವೂ ಮೊದಲಿಗಿಂತ ಶೇಕಡಾ 25ರಷ್ಟು ಕಡಿಮೆ ಇತ್ತು. ಶಸ್ತ್ರಚಿಕಿತ್ಸೆ ಆದ ಗುಂಪಿನಲ್ಲಿ ಸಾವೂ ಕಡಿಮೆ ಎಂದು 2007ರಲ್ಲಿ ಪ್ರಕಟವಾಯಿತು. ನನಗಾದ ಸ್ಲೀವ್ ಆ ಅಧ್ಯಯನದಲ್ಲಿ ಇರಲಿಲ್ಲ, ಅದು ನಿಜ. ಆದರೆ ಎರಡು ಸಾವಿರ ಸ್ವೀಡಿಷರೆಲ್ಲ ಬಾಯಿ ಕಟ್ಟಲಾರದ ಸೋಮಾರಿಗಳು ಎಂದು ಹೇಳುವ ಧೈರ್ಯ ಯಾರಿಗಿದೆ? ‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ಗಾದೆಯನ್ನು ನನ್ನ ಮುಖಕ್ಕೆ ಎಸೆಯುವವರು ಅದರ ಉಳಿದರ್ಧವನ್ನೂ ನೆನೆಯಲಿ: ಮಾತು ಬಲ್ಲವನಿಗೆ ಜಗಳವಿಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಊರ ತುಂಬ ಬೇಕರಿ, ಮಕ್ಕಳ ಕೈಯಲ್ಲಿ ಚಿಪ್ಸು, ನಡೆಯಲು ಪುಟ್‌ಪಾತಿಲ್ಲ; ಇದನ್ನೆಲ್ಲ ಸರಿಪಡಿಸುವುದು ಬಿಟ್ಟು ಜನರ ಹೊಟ್ಟೆ ಕತ್ತರಿಸುವುದು ಎಂಥ ನಾಗರಿಕತೆ ಎಂದು ನನ್ನ ಸಹೋದ್ಯೋಗಿಯೊಬ್ಬರು ಕೇಳಿದರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಹೆಂಗಸರಲ್ಲಿ ಶೇಕಡಾ 24 ಮಂದಿ ಅಧಿಕ ತೂಕದವರು. ಗಂಡಸರೂ ಹೆಚ್ಚೇನೂ ಹಿಂದಿಲ್ಲ. ಇವರೆಲ್ಲರನ್ನೂ ಆಪರೇಷನ್ ಥಿಯೇಟರಿಗೆ ಸಾಗಿಸಲು ಆಗುವುದಿಲ್ಲ, ಆಗಬಾರದು ಕೂಡ. ಮಕ್ಕಳ ತಟ್ಟೆ, ಆಟದ ಬಯಲು ಸರಿಯಾಗಲಿ; ಅದಕ್ಕೆ ನಾನೂ ದನಿಗೂಡಿಸುತ್ತೇನೆ. ಆದರೆ ಅದು ಮುಂದಿನ ತಲೆಮಾರಿನ ಬಾವಿ. ಮನೆಗೆ ಬೆಂಕಿ ಬಿದ್ದವಳಿಗೆ ಬಾವಿ ತೋಡಲು ಹೇಳುವುದು ಉಪದೇಶವಲ್ಲ, ಉಪೇಕ್ಷೆ.

ಬೇರೆಯವರು ನನ್ನ ತಟ್ಟೆಗೆ ಕೈ ಹಾಕುವುದು ಮುಂದಿನ ದೂರು. ಮದುವೆ ಮನೆಯಲ್ಲಿ ಬಡಿಸುವವರ ಬಲವಂತವನ್ನು ನಾವು ಪ್ರೀತಿ ಎಂದು ಕರೆಯುತ್ತೇವೆ. ಬೀಗರ ಊಟದಲ್ಲಿ ಎರಡು ತುಂಡು ತಿಂದು ಎಲೆ ಮಡಿಸಿದರೆ ಅಡುಗೆಗೆ ಅವಮಾನ, ಮನೆಗೆ ಅವಮಾನ, ನೆಂಟಸ್ತಿಕೆಗೇ ಅವಮಾನ. ‘ಇಷ್ಟಕ್ಕೆ ಏನಾಗುತ್ತೆ, ತಿನ್ನು’ ಎಂದು ಎಲೆಗೆ ಒಬ್ಬಟ್ಟು ಬೀಳುತ್ತದೆ. ಏನಾಗುತ್ತದೆ ಎಂದು ಹೇಳುತ್ತೇನೆ ಕೇಳಿ: ಶಸ್ತ್ರಚಿಕಿತ್ಸೆಯಾದ ಹಲವರಿಗೆ ಸಿಹಿ ಒಮ್ಮೆಲೇ ಕರುಳಿಗೆ ಇಳಿದರೆ ಬೆವರು, ಎದೆಬಡಿತ, ಹೊಟ್ಟೆನೋವು, ತಲೆ ಸುತ್ತು ಬರುತ್ತವೆ. ನಿಮ್ಮ ಪ್ರೀತಿಗೆ ನಾನು ಕಲ್ಯಾಣಮಂಟಪದ ಹಿಂದಿನ ಬೆಂಚಿನ ಮೇಲೆ ಮಲಗಿ ಬೆಲೆ ತೆತ್ತಿದ್ದೇನೆ. ತಮಾಷೆ ಏನೆಂದರೆ, 118 ಕಿಲೋ ಇದ್ದಾಗ ನನ್ನ ಎಲೆಗೆ ಎರಡನೇ ಒಬ್ಬಟ್ಟು ಬಿದ್ದರೆ ಸುತ್ತಲಿನ ಕಣ್ಣುಗಳು ಎಣಿಸುತ್ತಿದ್ದವು. ಈಗ ಒಂದನ್ನೂ ತಿನ್ನದಿದ್ದರೆ ಅದೇ ಕಣ್ಣುಗಳು ಎಣಿಸುತ್ತವೆ. ಹೆಂಗಸಿನ ಎಲೆ ಯಾವ ಕಾಲಕ್ಕೂ ಅವಳದಲ್ಲ.

ಈಗ ಕನ್ನಡಿಯ ಮಾತು. ದೇಹ ಒಂದೂವರೆ ವರ್ಷದಲ್ಲಿ ಇಳಿಯಿತು, ಮನಸ್ಸು ಇನ್ನೂ ಇಳಿಯುತ್ತಿದೆ. ಈಗಲೂ ಬಸ್ಸಿನ ಸೀಟುಗಳ ನಡುವೆ ಅಡ್ಡ ತಿರುಗಿ ನಡೆಯುತ್ತೇನೆ. ಪ್ಲಾಸ್ಟಿಕ್ ಕುರ್ಚಿ ಕಂಡರೆ ಮೊದಲು ಕೈಯಿಂದ ಒತ್ತಿ ನೋಡುತ್ತೇನೆ. ತೋಳಿನ ಕೆಳಗೆ, ಹೊಟ್ಟೆಯ ಮೇಲೆ ಚರ್ಮ ಜೋತುಬಿದ್ದಿದೆ. ಬೇಸಿಗೆಯಲ್ಲಿ ಮಡಿಕೆಗಳಲ್ಲಿ ಕೆರೆತ ಬರುತ್ತದೆ. ಇದನ್ನು ಯಾವ ಜಾಹೀರಾತೂ ಹೇಳುವುದಿಲ್ಲ. ಆದರೆ ಚರ್ಮಕ್ಕಿಂತ ನನ್ನನ್ನು ಕಂಗೆಡಿಸಿದ್ದು ಜನರ ಸೌಜನ್ಯ. ಅದೇ ಅಂಗಡಿಯವನು ಈಗ ಕಣ್ಣಲ್ಲಿ ಕಣ್ಣಿಟ್ಟು ಮಾತಾಡುತ್ತಾನೆ. ಅದೇ ಸಭೆಯಲ್ಲಿ ಈಗ ನನ್ನ ಅಭಿಪ್ರಾಯ ಕೇಳುತ್ತಾರೆ. ನನ್ನ ಓದು ಹೆಚ್ಚಾಗಿಲ್ಲ, ಪಾಠ ಬದಲಾಗಿಲ್ಲ. ಕಡಿಮೆಯಾದದ್ದು ಕೊಬ್ಬು ಮಾತ್ರ. ಹಾಗಾದರೆ ಇಷ್ಟು ವರ್ಷ ನನಗೆ ಸಿಗದಿದ್ದ ಮರ್ಯಾದೆ ಯಾವ ಕಾರಣಕ್ಕೆ ಸಿಕ್ಕಿರಲಿಲ್ಲ ಎಂಬುದು ಲೆಕ್ಕ ಹಾಕದೆಯೇ ತಿಳಿಯುತ್ತದೆ. ‘ಈಗ ಎಷ್ಟು ಚೆನ್ನಾಗಿದ್ದೀರಿ’ ಎಂಬ ಹೊಗಳಿಕೆ ಕಿವಿಗೆ ಬಿದ್ದಾಗಲೆಲ್ಲ ಆ ಹಳೆಯ ಹೆಂಗಸಿನ ಪರವಾಗಿ ನನಗೆ ಸಿಟ್ಟು ಬರುತ್ತದೆ.

ಅದಕ್ಕಾಗಿಯೇ, ಆಸ್ಪತ್ರೆಯವರು ನನ್ನ ‘ಮುಂಚೆ’ ಮತ್ತು ‘ಆಮೇಲೆ’ ಫೋಟೋಗಳನ್ನು ಜಾಹೀರಾತಿಗೆ ಕೇಳಿದಾಗ ಕೊಡುವುದಿಲ್ಲ ಎಂದೆ. ಆ ಜೋಡಿ ಫೋಟೋಗಳ ವ್ಯಾಕರಣ ನೋಡಿ: ಎಡಗಡೆಯವಳಿಗೆ ನಗು ಇಲ್ಲ, ಬೆಳಕಿಲ್ಲ, ಒಳ್ಳೆಯ ಸೀರೆ ಇಲ್ಲ. ಬಲಗಡೆಯವಳು ಆಗತಾನೆ ಹುಟ್ಟಿದವಳಂತೆ ಹೊಳೆಯುತ್ತಾಳೆ. ಎಡಗಡೆಯವಳು ಎಂ.ಎ. ಮಾಡಿದ್ದಳು. ಹಾಸಿಗೆ ಹಿಡಿದ ತಾಯಿಯನ್ನು ನಾಲ್ಕು ವರ್ಷ ಎತ್ತಿ ಕೂರಿಸಿ ಉಣಿಸಿದ್ದಳು. ಸಾವಿರಾರು ಮಕ್ಕಳಿಗೆ ಕನ್ನಡ ಕಲಿಸಿದ್ದಳು. ಕೊನೆಗೆ ಆಪರೇಷನ್ನಿನ ಕಾಗದಕ್ಕೆ ಸಹಿ ಹಾಕಿದ್ದೂ ಅವಳೇ. ಆ ಧೈರ್ಯ ಬಲಗಡೆಯವಳದಲ್ಲ. ಅವಳನ್ನು ತಪ್ಪಿತಸ್ಥೆಯಂತೆ ಗೋಡೆಗೆ ಅಂಟಿಸಿ ವ್ಯಾಪಾರ ಮಾಡಲು ನನ್ನ ಒಪ್ಪಿಗೆ ಇಲ್ಲ.

ವ್ಯಾಪಾರ ಎಂದೆ. ಮಾರುವವರು ಹೇಳದೆ ಬಿಡುವ ಮಾತುಗಳಿವೆ. ಎರಡು ಮೂರು ವರ್ಷದ ನಂತರ ಸ್ವಲ್ಪ ತೂಕ ಮರಳುವುದು ಸಾಮಾನ್ಯ. ಕೆಲವರಿಗೆ ಹೆಚ್ಚೇ ಮರಳುತ್ತದೆ. ಸ್ಲೀವ್ ಆದ ಮೇಲೆ ಎದೆಯುರಿ ಶುರುವಾಗಬಹುದು ಅಥವಾ ಹೆಚ್ಚಬಹುದು. ವೇಗವಾಗಿ ತೂಕ ಇಳಿದರೆ ಪಿತ್ತಕೋಶದಲ್ಲಿ ಕಲ್ಲಾಗಬಹುದು. ಮಕ್ಕಳು ಬೇಕೆನ್ನುವ ಹೆಂಗಸರು ಒಂದರಿಂದ ಒಂದೂವರೆ ವರ್ಷ ಕಾಯಬೇಕು. ಮದ್ಯ ಬಹಳ ಬೇಗ ತಲೆಗೆ ಏರುತ್ತದೆ, ಚಟವಾಗುವ ಅಪಾಯವೂ ಇದೆ. ಇದು ಮದುವೆಗೆ ಮುಂಚೆ ಸೊಂಟ ಸಣ್ಣ ಮಾಡಿಕೊಳ್ಳುವ ಉಪಾಯವಲ್ಲ, ಕಾಯಿಲೆಗೆ ಚಿಕಿತ್ಸೆ. ಇದನ್ನು ವಿಮಾ ನಿಯಂತ್ರಣ ಪ್ರಾಧಿಕಾರವೂ ಒಪ್ಪಿದೆ. 2019ರ ಅದರ ಮಾರ್ಗಸೂಚಿಯಂತೆ, ವೈದ್ಯರ ಸಲಹೆಯ ಮೇರೆಗೆ, 18 ವರ್ಷ ತುಂಬಿದವರಿಗೆ, ಬಿ.ಎಂ.ಐ. 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಇಲ್ಲವೇ 35 ಇದ್ದು ಹತೋಟಿಗೆ ಬಾರದ ಸಕ್ಕರೆ ಕಾಯಿಲೆಯಂಥ ಗಂಭೀರ ತೊಂದರೆಗಳಿದ್ದರೆ, ಈ ಶಸ್ತ್ರಚಿಕಿತ್ಸೆಯನ್ನು ಬರೀ ತೂಕದ ಹೆಸರು ಹೇಳಿ ವಿಮೆಯಿಂದ ಹೊರಗಿಡುವಂತಿಲ್ಲ. ಸರ್ಕಾರಿ ಕಾಗದಕ್ಕೆ ಬಂದ ತಿಳುವಳಿಕೆ ನಮ್ಮ ಜಗಲಿಗೆ ಬಂದಿಲ್ಲ.

ಈಗ ಹೊಸದೊಂದು ರಾಗ ಎದ್ದಿದೆ. 2025ರಲ್ಲಿ ತೂಕ ಇಳಿಸುವ ವಾರಕ್ಕೊಂದು ಇಂಜೆಕ್ಷನ್ನುಗಳು ನಮ್ಮ ದೇಶದ ಅಂಗಡಿಗೂ ಬಂದವು. ‘ನೀವು ಕಾಯಬೇಕಿತ್ತು, ಚುಚ್ಚಿಕೊಂಡಿದ್ದರೆ ಆಗುತ್ತಿತ್ತು’ ಎನ್ನುತ್ತಾರೆ. ಸಂತೋಷ, ಯಾರಿಗೆ ಅದು ಹೊಂದುತ್ತದೋ ಅವರು ವೈದ್ಯರನ್ನು ಕೇಳಿ ತೆಗೆದುಕೊಳ್ಳಲಿ. ಆದರೆ ಔಷಧಿ ನಿಲ್ಲಿಸಿದವರಲ್ಲಿ ಇಳಿದ ತೂಕದ ಮೂರನೇ ಎರಡು ಭಾಗ ಒಂದೇ ವರ್ಷದಲ್ಲಿ ಮರಳಿತು ಎಂದು ಸೆಮಾಗ್ಲುಟೈಡ್ ಕುರಿತ 2022ರ ಅಧ್ಯಯನ ಹೇಳಿತು. ಅಂದರೆ ಅದೂ ಬಹುಕಾಲದ ಒಡನಾಟವೇ. ವಿಚಿತ್ರವೆಂದರೆ, ಚುಚ್ಚಿಕೊಂಡವರನ್ನೂ ಇದೇ ಜನ ಬೆನ್ನ ಹಿಂದೆ ‘ಸುಲಭದ ದಾರಿ’ ಎನ್ನುತ್ತಿದ್ದಾರೆ. ಹಾಗಾದರೆ ಇವರ ಕಣ್ಣಿಗೆ ಒಪ್ಪಿತವಾದ ದಾರಿ ಒಂದೇ: ನರಳುವುದು, ಸೋಲುವುದು, ಸೋತದ್ದಕ್ಕೆ ತಲೆ ತಗ್ಗಿಸುವುದು. ಕಣ್ಣಿನ ಪೊರೆ ತೆಗೆಸಿಕೊಂಡವರನ್ನು ಯಾರೂ ‘ಸುಲಭವಾಗಿ ನೋಡಿಬಿಟ್ಟೆ’ ಎಂದು ಜರೆಯುವುದಿಲ್ಲ. ದಪ್ಪಗಿರುವವರ ಕಾಯಿಲೆಗೆ ಮಾತ್ರ ಮದ್ದಿನ ಜೊತೆ ಪ್ರಾಯಶ್ಚಿತ್ತವೂ ಬೇಕು ಎಂದು ಯಾವ ಶಾಸ್ತ್ರ ಹೇಳಿದೆ?

ಕೇಳುವುದು ನನಗೆ ಹೆಚ್ಚೇನಿಲ್ಲ. ವೈದ್ಯರೇ, ಫೋಟೋ ತೋರಿಸುವಷ್ಟೇ ಉತ್ಸಾಹದಿಂದ ಐದನೇ ವರ್ಷದ ರಕ್ತ ಪರೀಕ್ಷೆಯ ಮಾತನ್ನೂ ಆಡಿ. ನೆಂಟರೇ, ಎಲೆಯ ಮುಂದೆ ಕೂತವರು ‘ಸಾಕು’ ಎಂದರೆ ಸೌಟು ಹಿಂತೆಗೆಯಿರಿ, ಕಾರಣ ಕೇಳಬೇಡಿ. ಪರಿಚಿತರೇ, ತೆಳ್ಳಗಾದವಳಿಗೆ ಇಂದು ಕೊಡುವ ಮರ್ಯಾದೆಯನ್ನು ನಾಳೆ ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕೂರುವ ದಪ್ಪ ಹೆಂಗಸಿಗೂ ಕೊಡಿ. ಅವಳು ಚಿಕಿತ್ಸೆ ಮಾಡಿಸಿಕೊಳ್ಳಲಿ, ಬಿಡಲಿ. ಸೀಟು ಸರಿಸಿ ಜಾಗ ಬಿಡಲು ಅವಳ ತೂಕದ ಚೀಟಿ ನೋಡಬೇಕಾಗಿಲ್ಲ.