ಸೂಜಿ ಮೊದಲೋ ಕೊಪ್ಪರಿಗೆ ಮೊದಲೋ

ಸಂಸ್ಕೃತ ಪಂಡಿತರು ಲೌಕಿಕ ನ್ಯಾಯಗಳೆಂದು ಕೆಲವನ್ನು ಹೇಳುವುದುಂಟು. ಅವುಗಳಲ್ಲಿ ಸೂಚೀಕಟಾಹ ನ್ಯಾಯವೆಂಬುದೊಂದು. ಒಬ್ಬನು ಕಮ್ಮಾರನ ಬಳಿಗೆ ಬಂದು ಕೊಪ್ಪರಿಗೆಯೊಂದನ್ನು ಮಾಡಿಕೊಡೆಂದನಂತೆ. ಅವನ ಬೆನ್ನಿಗೇ ಇನ್ನೊಬ್ಬನು ಬಂದು ಸೂಜಿಯೊಂದು ಬೇಕೆಂದನಂತೆ. ಕೊಪ್ಪರಿಗೆಯದು ಬಹುಹೊತ್ತಿನ ಕೆಲಸ, ಸೂಜಿಯದು ಕ್ಷಣಕಾಲದ್ದು. ಆದಕಾರಣ ಕಮ್ಮಾರನು ಸೂಜಿಯನ್ನೇ ಮೊದಲು ಮಾಡಿ ಮುಗಿಸಿದನು. ಮೂವತ್ತು ವರ್ಷಕಾಲ ಈ ನ್ಯಾಯವನ್ನು ಹುಡುಗರಿಗೆ ಪಾಠಹೇಳಿದ ನಾನು, ಅದನ್ನು ಹಿಡಿದುಕೊಂಡು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಸ್ವಂತ ಮಗನೊಡನೆ ವಾದಕ್ಕೆ ನಿಲ್ಲಬೇಕಾದೀತೆಂದು ಎಣಿಸಿರಲಿಲ್ಲ.

ಹೋದ ಬೇಸಗೆಯಲ್ಲಿ ಎರಡು ತಿಂಗಳು ಅವನ ಮನೆಯಲ್ಲಿದ್ದೆನು. ಅವನಲ್ಲಿ ಲಿನ್ ಸಾಂಡೆಕ್ ಎಲ್‌ಪಿ 12 ಎಂಬ ಟರ್ನ್‌ಟೇಬಲ್ ಒಂದಿದೆ. ಅದು ಆ ಊರಿನಲ್ಲಿಯೇ ಹುಟ್ಟಿದ ಯಂತ್ರ. ಐವರ್ ಟೀಫೆನ್‌ಬ್ರನ್ ಎಂಬವರು 1973ರಲ್ಲಿ ಸ್ಥಾಪಿಸಿದ ಲಿನ್ ಸಂಸ್ಥೆಯವರು ಇಂದಿಗೂ ಅದನ್ನು ತಯಾರಿಸುತ್ತಿರುವರು. ನೋಡುವುದಕ್ಕೆ ಮರದ ಚೌಕಟ್ಟಿನ ಸಾಧಾರಣ ಪೆಟ್ಟಿಗೆ. ಒಳಗೆ ಮೂರು ಸ್ಪ್ರಿಂಗುಗಳ ಮೇಲೆ ಒಂದು ಹಲಗೆ ತೂಗಿಕೊಂಡಿರುವುದು. ತಿರುಗುವ ತಟ್ಟೆಯೂ ತೋಳೂ ಎರಡೂ ಆ ಹಲಗೆಯನ್ನೇ ಆಶ್ರಯಿಸಿರುವುದರಿಂದ, ನೆಲದ ಅದುರು ಮುಳ್ಳನ್ನು ಮುಟ್ಟುವುದು ಬಹು ಕಡಿಮೆ. ಮೋಟಾರು ಮಾತ್ರ ಬೇರೆಯಾಗಿ ನಿಂತು, ತೆಳುವಾದ ಬೆಲ್ಟಿನ ಮೂಲಕ ತಟ್ಟೆಯನ್ನು ನಿಮಿಷಕ್ಕೆ ಮೂವತ್ತಮೂರೂ ಮೂರರಲ್ಲೊಂದು ಸುತ್ತು ತಿರುಗಿಸುವುದು.

ಈ ಯಂತ್ರದ ವಿಶೇಷವೇನೆಂದರೆ, ಇದನ್ನು ಕೊಂಡವನು ಕೊಳ್ಳುವುದನ್ನು ಎಂದಿಗೂ ಮುಗಿಸುವುದಿಲ್ಲ. 1982ರಲ್ಲಿ ವಲ್ಹಾಲಾ ಎಂಬ ವಿದ್ಯುತ್ ಸರಬರಾಜು ಬಂದಿತು. 1993ರಲ್ಲಿ ಸರ್ಕಸ್ ಎಂಬ ಬೇರಿಂಗು. ಆಮೇಲೆ ಕೀಲ್ ಎಂಬ ಒಳಹಲಗೆ. 2020ರಲ್ಲಿ ಕರೂಸೆಲ್ ಎಂಬ ಮತ್ತೊಂದು ಬೇರಿಂಗು. ನಲವತ್ತು ವರ್ಷದ ಹಳೆಯ ಪೆಟ್ಟಿಗೆಗೂ ಹೊಸ ಅಂಗಗಳನ್ನು ಜೋಡಿಸಬಹುದು. ಹಳೆಯದನ್ನು ಎಸೆಯದಿರುವ ಈ ಪದ್ಧತಿ ನನಗೆ ಮೆಚ್ಚಿಕೆಯಾಯಿತು; ಬೆಲೆ ಮಾತ್ರ ಮೆಚ್ಚಿಕೆಯಾಗಲಿಲ್ಲ. ಯಂತ್ರಕ್ಕೆ ಐವತ್ತು ವರ್ಷ ತುಂಬಿದ 2023ರಲ್ಲಿ ಅವರು 250 ವಿಶೇಷ ಯಂತ್ರಗಳನ್ನು ಹೊರತಂದರು. ಒಂದೊಂದಕ್ಕೆ 50,000 ಪೌಂಡು!

ನನ್ನ ಮಗನು ತನ್ನ ಯಂತ್ರವನ್ನು ಯಾರೋ ಬಳಸಿ ಬಿಟ್ಟದ್ದನ್ನು ಕೊಂಡಿದ್ದನು. ಈಗ ಹೊಸ ಬೇರಿಂಗೂ ಹೊಸ ವಿದ್ಯುತ್ ಪೆಟ್ಟಿಗೆಯೂ ಬೇಕೆಂದು ಹಣ ಕೂಡಿಸುತ್ತಿದ್ದನು.

“ಮುಳ್ಳು ಯಾವ ಕಾಲದ್ದಪ್ಪಾ?” ಎಂದು ಕೇಳಿದೆನು.

“ಅದು ಆಮೇಲೆ ನೋಡಿದರಾಯಿತು ಅಪ್ಪಾ. ಮೊದಲು ಟರ್ನ್‌ಟೇಬಲ್, ಆಮೇಲೆ ತೋಳು, ಕೊನೆಗೆ ಕಾರ್ಟ್ರಿಜ್ಜು. ಲಿನ್‌ನವರ ಸಿದ್ಧಾಂತವೇ ಅದು.”

ಆ ಸಿದ್ಧಾಂತವನ್ನು ಹಗುರವಾಗಿ ತಳ್ಳಿಹಾಕತಕ್ಕದ್ದಲ್ಲ. ಮೂಲದಲ್ಲಿ ಕಳೆದುಹೋದ ನಾದವನ್ನು ಮುಂದಿನ ಯಾವ ಆಂಪ್ಲಿಫೈಯರೂ ಸ್ಪೀಕರೂ ಮರಳಿ ತರಲಾರವು. ಪ್ಲೇಟನ್ನು ಹೊತ್ತ ತಟ್ಟೆಯೇ ನಡುಗುತ್ತಿದ್ದರೆ, ಒಳ್ಳೆಯ ಮುಳ್ಳು ಆ ನಡುಕವನ್ನೂ ನಿಷ್ಠೆಯಿಂದ ಒಪ್ಪಿಸುವುದು. ಹೀಗಾಗಿ ಕೇಳುವವನ ಕಿವಿಗೆ ಕೊಪ್ಪರಿಗೆಯೇ ಮೊದಲೆಂಬುದು ಸರಿ. ನನ್ನ ಆಕ್ಷೇಪಣೆ ಕಿವಿಯ ಪಕ್ಷದಿಂದ ಹುಟ್ಟಿದ್ದಲ್ಲ, ಪ್ಲೇಟಿನ ಪಕ್ಷದಿಂದ. ಕೆಟ್ಟ ಬೇರಿಂಗು ಇಂದಿನ ಹಾಡನ್ನು ಕೆಡಿಸೀತು. ನಾಳೆ ಬದಲಾಯಿಸಿದರೆ ಹಾಡು ಸರಿಹೋದೀತು. ಸವೆದ ಮುಳ್ಳಾದರೋ ಪ್ಲೇಟನ್ನೇ ಕೊರೆಯುವುದು.

ಇದಕ್ಕೆ ಲೆಕ್ಕವುಂಟು. ಇಪ್ಪತ್ತು ನಿಮಿಷದ ಒಂದು ಪಕ್ಕದಲ್ಲಿ ಮುಳ್ಳು ಸವೆಸುವ ದಾರಿ 400 ಮೀಟರಿಗೂ ಹೆಚ್ಚು. ಮುಳ್ಳಿನ ಆಯುಸ್ಸನ್ನು ಸಾಮಾನ್ಯವಾಗಿ 500ರಿಂದ 1,000 ಗಂಟೆಯೆಂದು ಹೇಳುವರು. 500 ಗಂಟೆಯಲ್ಲಿ ಅದು ಸುಮಾರು 650 ಕಿಲೋಮೀಟರು ನಡೆದಿರುವುದು. ಮೈಸೂರಿನಿಂದ ಬೆಂಗಳೂರಿಗೆ ಎರಡು ಸಲ ಹೋಗಿಬಂದರೂ ಅಷ್ಟು ದೂರವಾಗದು. ವಜ್ರವಾದರೇನು, ಸವೆಯದೆ ಇದ್ದೀತೆ? ಸವೆದ ತುದಿಯ ಎರಡು ಪಕ್ಕಗಳು ಚಪ್ಪಟೆಯಾಗಿ, ಅವುಗಳ ಅಂಚು ಉಳಿಯಂತಾಗುವುದು. ನಮ್ಮ ತಾತಂದಿರ ಗ್ರಾಮಫೋನಿನಲ್ಲಿ ಉಕ್ಕಿನ ಮುಳ್ಳನ್ನು ಪಕ್ಕಕ್ಕೊಂದರಂತೆ ಬದಲಾಯಿಸುತ್ತಿದ್ದರು. ವಜ್ರ ಬಂದು ನಮಗೆ ಮರೆವನ್ನು ಕಲಿಸಿತು.

ಈ ಮರೆವಿನಲ್ಲಿ ನಾನೇ ಮೊದಲ ಅಪರಾಧಿ. ಎಂ. ಎಸ್. ಸುಬ್ಬುಲಕ್ಷ್ಮಿಯವರ ವೆಂಕಟೇಶ ಸುಪ್ರಭಾತದ ಪ್ಲೇಟು 1963ರಲ್ಲಿ ಬಂದದ್ದು. ನನ್ನ ತಂದೆಯವರು ಕೊಂಡದ್ದು. ನನ್ನ ಮನೆಯಾಕೆ ಅದನ್ನು ಪ್ರತಿದಿನವೂ ಬೆಳಗಿನ ಜಾವ ಹಾಕುತ್ತಿದ್ದಳು. ದಿನಕ್ಕೆ ಇಪ್ಪತ್ತು ನಿಮಿಷವೆಂದರೂ ನಾಲ್ಕು ವರ್ಷಕ್ಕೆ ಸುಮಾರು 500 ಗಂಟೆಯಾಗುವುದು. ನಮ್ಮ ಮನೆಯಲ್ಲಿ ಒಂದೇ ಮುಳ್ಳು ಹನ್ನೊಂದು ವರ್ಷ ನಡೆಯಿತು. “ಏಕೋ ಈಚೆಗೆ ಅಕ್ಷರಗಳೆಲ್ಲ ಒಂದೇ ಥರ ಕೇಳುತ್ತವೆ ಅಂದ್ರೆ,” ಎಂದು ಆಕೆ ಎರಡು ಮೂರು ಸಲ ಹೇಳಿದ್ದುಂಟು. ಪ್ಲೇಟು ಹಳೆಯದಾಯಿತು, ಅಷ್ಟೆ ಎಂದುಬಿಟ್ಟಿದ್ದೆನು. ಶಕಾರ, ಷಕಾರ, ಸಕಾರಗಳ ಭೇದವನ್ನು ಬೆತ್ತ ಹಿಡಿದು ಹುಡುಗರಿಗೆ ಕಲಿಸುತ್ತಿದ್ದವನ ಮನೆಯಲ್ಲಿಯೇ ಊಷ್ಮಾಕ್ಷರಗಳು ಮೂರೂ ಒಂದೇ ಸೀಳುದನಿಯಾಗಿದ್ದವು. ಆಕೆ ತೀರಿಕೊಂಡು ಆರು ವರ್ಷವಾಯಿತು. ಆ ಪ್ಲೇಟು ಈಗ ಮಗನ ಬಳಿ ಇದೆ. ಎಂಟು ತಿಂಗಳಿಂದ ಅವನ ಯಂತ್ರದ ಮೇಲೆ, ಎಷ್ಟು ಗಂಟೆ ನಡೆದಿತ್ತೋ ತಿಳಿಯದ ಮುಳ್ಳಿನ ಕೆಳಗೆ ತಿರುಗುತ್ತಿತ್ತು.

ಇದನ್ನು ಹೇಳಿದ ಮೇಲೆ ಅವನು ವಾದಿಸಲಿಲ್ಲ. ಮರುದಿನವೇ ಯಂತ್ರವನ್ನು ಅಂಗಡಿಗೆ ಹೊತ್ತುಕೊಂಡು ಹೋದೆವು. ಅಂಗಡಿಯವರು ಸೂಕ್ಷ್ಮದರ್ಶಕದಲ್ಲಿ ತೋರಿಸಿದರು: ದುಂಡಗಿರಬೇಕಾದ ತುದಿಯಲ್ಲಿ ಎರಡು ಹೊಳೆಯುವ ಚಪ್ಪಟೆಗಳು. ಅದೃಷ್ಟಕ್ಕೆ ಅದು ಮುಳ್ಳನ್ನು ಮಾತ್ರ ಕಳಚಿ ಬದಲಾಯಿಸಬಹುದಾದ ಜಾತಿಯ ಕಾರ್ಟ್ರಿಜ್ಜು. ಹೊಸ ಮುಳ್ಳಿಗೆ ತಗುಲಿದ್ದು ವಿದ್ಯುತ್ ಪೆಟ್ಟಿಗೆಯ ಬೆಲೆಯ ಹತ್ತರಲ್ಲೊಂದು ಪಾಲೂ ಅಲ್ಲ. ಅದರೊಡನೆ ಸ್ಪ್ರಿಂಗುಗಳನ್ನು ಸರಿಪಡಿಸಿ, ಬೇರಿಂಗಿಗೆ ಹೊಸ ಎಣ್ಣೆ ಹಾಕಿ, ತೋಳಿನ ಭಾರವನ್ನು ಚಿಕ್ಕ ತಕ್ಕಡಿಯಲ್ಲಿ ತೂಗಿ ಎರಡು ಗ್ರಾಮಿನೊಳಗೆ ನಿಲ್ಲಿಸಿದರು. (ಭಾರ ಕಡಿಮೆಯಾದಷ್ಟೂ ಪ್ಲೇಟಿಗೆ ಕ್ಷೇಮವೆಂಬುದು ತಪ್ಪು ತಿಳಿವಳಿಕೆ. ತೀರ ಹಗುರವಾದ ಮುಳ್ಳು ಗೀರಿನೊಳಗೆ ಕುಣಿದು ಗೋಡೆಗಳನ್ನು ಗುದ್ದುವುದು. ತಯಾರಕರು ಹೇಳಿದ ತೂಕವನ್ನೇ ಇಡತಕ್ಕದ್ದು. ಮನೆಯಲ್ಲಿ ಈ ಯಂತ್ರವುಳ್ಳ ವಾಚಕರು ತಟ್ಟೆಯ ಮೇಲೆ ರಸಮಟ್ಟವನ್ನೂ ಒಮ್ಮೆ ಇಟ್ಟು ನೋಡಲಿ.)

ಹೊಸ ಮುಳ್ಳಿನ ತುದಿ ಹಳೆಯದರಂತೆ ದುಂಡಗಿರದೆ ತೆಳುವಾದ ಗೆರೆಯಂತೆ ಕಡೆದದ್ದು. ಅಂಗಡಿಯವರು ಒಂದು ಮಾತು ಹೇಳಿದರು. ದುಂಡು ಮುಳ್ಳು ಗೀರಿನ ಗೋಡೆಯನ್ನು ಒಂದು ಎತ್ತರದಲ್ಲಿ ಮಾತ್ರ ಮುಟ್ಟಿ ಸವೆಸಿರುವುದು. ಈ ಆಕಾರದ್ದು ಗೋಡೆಯ ಹೆಚ್ಚು ಭಾಗವನ್ನು ಮುಟ್ಟುವುದರಿಂದ, ಹಳೆಯದು ಮುಟ್ಟದೆ ಬಿಟ್ಟ ಎಡೆ ಎಲ್ಲಿಯಾದರೂ ಉಳಿದಿದ್ದರೆ ಅಲ್ಲಿಂದಲೂ ನಾದವನ್ನು ತೆಗೆದೀತು. ಉಳಿದಿದ್ದರೆ ಮಾತ್ರ, ಎಂದು ಎರಡು ಸಲ ಒತ್ತಿ ಹೇಳಿದರು.

ಆ ರಾತ್ರಿ ಪ್ಲೇಟನ್ನು ತೊಳೆದು ಒಣಗಿಸಿದೆವು. ಬೆಳಿಗ್ಗೆ ಐದಕ್ಕೆ ಮಗನು ಎದ್ದು ಹಾಕಿದನು. ಚಿಟಪಟ ಸದ್ದು ಹೋಗಿರಲಿಲ್ಲ. ಆದರೆ ಹೊರಸುತ್ತುಗಳಲ್ಲಿ ಶಕಾರವು ಶಕಾರವಾಗಿ, ಷಕಾರವು ಷಕಾರವಾಗಿ ಕೇಳಿಸಿದವು. ಮುಳ್ಳು ಒಳಸುತ್ತುಗಳಿಗೆ ಹೋದಂತೆಲ್ಲ ದಾರಿ ಇಕ್ಕಟ್ಟಾಗುವುದಷ್ಟೆ. ಅಲ್ಲಿ ಹಳೆಯ ಸೀಳುದನಿ ಮತ್ತೆ ಬಂದಿತು, ಕೊನೆಯವರೆಗೂ ಇದ್ದಿತು. ಪಕ್ಕ ಮುಗಿದ ಮೇಲೆ ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

“ಬೇರಿಂಗು ಮುಂದಿನ ವರ್ಷ ನೋಡೋಣ ಅಪ್ಪಾ,” ಎಂದು ಹೇಳಿ ಅವನು ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ತಾರೀಖಿಗೆ ಗುರುತು ಹಾಕಿ, ಕೆಳಗೆ 20 ನಿಮಿಷವೆಂದು ಬರೆದನು.